ತೂಬು ಒಂದೇ, ಪಾಳಿ ಎರಡು: ವಾಯುಪಡೆಯ ರನ್‌ವೇಯಲ್ಲಿ ಪ್ರಯಾಣಿಕರ ವಿಮಾನ

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ. ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ. ಹೋದ ಸಲ ಅವಳು ಹತ್ತಿದ ವಿಮಾನ ದೇವನಹಳ್ಳಿಯಲ್ಲೇ ಮುಕ್ಕಾಲು ಗಂಟೆ ನಿಂತಿತ್ತು. ಪುಣೆಯಲ್ಲಿ ವಾಯುಪಡೆಯ ಹಾರಾಟ ನಡೆದಿದೆ, ಅದಕ್ಕೇ ತಡ ಎಂದರಂತೆ. ಸೇನೆಯ ರನ್‌ವೇಯಲ್ಲಿ ಸಾರ್ವಜನಿಕರ ವಿಮಾನ ಇಳಿಸುವ ಈ ಏರ್ಪಾಡು ಹೇಗೆ ನಡೆಯುತ್ತದೆ? ಪುಣೆ, ಗೋವಾ, ಬೀದರ್‌ನಲ್ಲಿ ಆಗುವುದು ಯಲಹಂಕದಲ್ಲಿ ಏಕೆ ಆಗುವುದಿಲ್ಲ? ಏರೋ ಇಂಡಿಯಾ ಬಂದಾಗ ದೇವನಹಳ್ಳಿಯ ವಿಮಾನಗಳನ್ನೂ ಏಕೆ ನಿಲ್ಲಿಸುತ್ತಾರೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಒಂದೇ ಬೇರಿನವು. ರನ್‌ವೇ ಎಂಬ ಡಾಂಬರು ಪಟ್ಟಿಯನ್ನು ಹಂಚಿಕೊಳ್ಳುವುದು ಕಷ್ಟದ ಮಾತಲ್ಲ. ಅದರ ಮೇಲಿನ ಆಕಾಶವನ್ನೂ ಗಡಿಯಾರವನ್ನೂ ಹಂಚಿಕೊಳ್ಳುವುದು ಕಷ್ಟ. ನಮ್ಮ ಜಿಲ್ಲೆಗಳ ಕೆರೆಗಳನ್ನು ನೆನಪಿಸಿಕೊಳ್ಳಿ. ತೂಬು ಒಂದೇ ಇರುತ್ತದೆ, ಗದ್ದೆಗಳು ಹಲವು. ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ತೀರ್ಮಾನಿಸುವವನು ನೀರುಗಂಟಿ. ಪುಣೆಯಲ್ಲಿ ತೂಬೂ ವಾಯುಪಡೆಯದೇ, ನೀರುಗಂಟಿಯೂ ವಾಯುಪಡೆಯವನೇ. ಇಂಡಿಗೊ, ಏರ್ ಇಂಡಿಯಾ ಅಲ್ಲಿ ಪಾಳಿಗೆ ಕಾಯುವ ಗದ್ದೆಯವರು.

ಮೊದಲು ಯಾವುದು ಯಾರದು ಎಂಬುದನ್ನು ನೋಡೋಣ. ಸೇನೆಗೆ ಸೇರಿದ ವಿಮಾನ ನಿಲ್ದಾಣದಲ್ಲಿ ಸಾರ್ವಜನಿಕ ಪ್ರಯಾಣಿಕರಿಗೆಂದು ಬಿಟ್ಟುಕೊಟ್ಟ ಜಾಗಕ್ಕೆ ‘ಸಿವಿಲ್ ಎನ್‌ಕ್ಲೇವ್’ ಎಂದು ಹೆಸರು. 1994ರ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕಾಯ್ದೆಯಲ್ಲೇ ಈ ಪದದ ವ್ಯಾಖ್ಯೆ ಇದೆ. ಟರ್ಮಿನಲ್ ಕಟ್ಟಡ, ಚೆಕ್-ಇನ್, ಬ್ಯಾಗೇಜು, ವಿಮಾನಗಳು ನಿಲ್ಲುವ ಏಪ್ರನ್, ಇಷ್ಟು ಸಾಮಾನ್ಯವಾಗಿ ಪ್ರಾಧಿಕಾರದ ಪಾಲಿಗೆ. ರನ್‌ವೇ, ಅದಕ್ಕೆ ಹೋಗುವ ಟ್ಯಾಕ್ಸಿವೇ, ಕಂಟ್ರೋಲ್ ಟವರ್, ರೇಡಾರ್, ಬೇಲಿಯ ಕಾವಲು ಎಲ್ಲ ಸೇನೆಯದು. ಪುಣೆಯ ಲೋಹೆಗಾಂವ್, ಶ್ರೀನಗರ, ಜಮ್ಮು, ಲೇಹ್, ಚಂಡೀಗಢ, ಜೋಧಪುರ, ಬಾಗ್‌ಡೋಗ್ರಾ ವಾಯುಪಡೆಯವು. ಗೋವಾದ ದಾಬೋಲಿಂ ಮತ್ತು ವಿಶಾಖಪಟ್ಟಣ ನೌಕಾಪಡೆಯವು. ಪುಣೆಯಲ್ಲಿ 2024ರ ಜುಲೈನಲ್ಲಿ ದೊಡ್ಡದೊಂದು ಹೊಸ ಟರ್ಮಿನಲ್ ಬಳಕೆಗೆ ಬಂತು. ಕೂರಲು ಜಾಗ ಹೆಚ್ಚಾಯಿತು, ಸಾಲು ಕಡಿಮೆಯಾಯಿತು. ಆದರೆ ರನ್‌ವೇ ಅದೇ ಒಂದು, ಉದ್ದ ಅದೇ 2,535 ಮೀಟರ್. ಕಟ್ಟಡ ದೊಡ್ಡದಾದ ಮಾತ್ರಕ್ಕೆ ಪಾಳಿ ಹೆಚ್ಚುವುದಿಲ್ಲ.

ಈಗ ಆ ಮುಕ್ಕಾಲು ಗಂಟೆಯ ವಿಚಾರ. ಲೋಹೆಗಾಂವ್ ಸುಖೋಯ್-30ಎಂಕೆಐ ಯುದ್ಧವಿಮಾನಗಳ ನೆಲೆ. ಆ ವಿಮಾನ ವಾಯುಪಡೆಗೆ ಸೇರ್ಪಡೆಯಾದದ್ದೂ ಅಲ್ಲೇ, 2002ರ ಸೆಪ್ಟೆಂಬರ್‌ನಲ್ಲಿ. ಯುದ್ಧವಿಮಾನಗಳು ಒಂಟಿಯಾಗಿ ಹೋಗುವುದು ಕಡಿಮೆ. ಜೋಡಿಯಾಗಿ ಇಲ್ಲವೇ ನಾಲ್ಕರ ಗುಂಪಾಗಿ ಹೊರಡುತ್ತವೆ, ಹೆಚ್ಚುಕಡಿಮೆ ಒಟ್ಟಿಗೇ ಮರಳುತ್ತವೆ. ಹೊರಡುವಾಗ ಅವುಗಳಿಗೆ ನಾಲ್ಕೈದು ನಿಮಿಷದ ಖಾಲಿ ಜಾಗ ಬೇಕು. ಮರಳುವಾಗ ಟ್ಯಾಂಕಿನಲ್ಲಿ ಇಂಧನ ಕಡಿಮೆ ಇರುತ್ತದೆ. ಪ್ರಯಾಣಿಕರ ವಿಮಾನ ಆಕಾಶದಲ್ಲಿ ಅರ್ಧ ಗಂಟೆ ಸುತ್ತಿದರೂ ಬೇರೆ ಊರಿಗೆ ಹೋಗಿ ಇಳಿಯುವಷ್ಟು ಇಂಧನ ಹೊತ್ತಿರುತ್ತದೆ, ಯುದ್ಧವಿಮಾನಕ್ಕೆ ಆ ಸೌಕರ್ಯ ಇಲ್ಲ. ಹಾಗಾಗಿ ಅವು ಬರುವ ಹೊತ್ತಿಗೆ ರನ್‌ವೇ ತೆರವಾಗಿರಲೇಬೇಕು. ಪುಣೆಯ ಮೇಲೆ ಬಂದು ಸುತ್ತುವುದಕ್ಕಿಂತ ಹೊರಡುವ ಊರಿನಲ್ಲೇ ನಿಲ್ಲಿಸುವುದು ಸುರಕ್ಷಿತ, ಇಂಧನವೂ ಉಳಿಯುತ್ತದೆ. ನಿಮ್ಮ ಮಗಳ ವಿಮಾನ ದೇವನಹಳ್ಳಿಯಲ್ಲಿ ನಿಂತದ್ದಕ್ಕೆ ಕಾರಣ ಇದು.

ಯುದ್ಧವಿಮಾನ ಇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸುಖೋಯ್ ಇಳಿದಾಗ ಹಿಂದೆ ಬ್ರೇಕ್ ಪ್ಯಾರಾಶೂಟ್ ಬಿಚ್ಚುತ್ತದೆ, ವೇಗ ತಗ್ಗಿದ ಮೇಲೆ ಅದನ್ನು ಕಳಚಿ ಬಿಡುತ್ತದೆ. ನೆಲದ ಸಿಬ್ಬಂದಿ ಗಾಡಿಯಲ್ಲಿ ಹೋಗಿ ಆ ಬಟ್ಟೆಯ ಮುದ್ದೆಯನ್ನು ಎತ್ತಿಕೊಂಡು ಬರಬೇಕು. ರನ್‌ವೇ ಮೇಲೆ ತುಂಡು ಹಗ್ಗವೋ ಕೊಂಡಿಯೋ ಉಳಿದರೆ ಮುಂದೆ ಬರುವ ಜೆಟ್‌ನ ಎಂಜಿನ್ ಅದನ್ನು ಒಳಗೆಳೆದುಕೊಳ್ಳುತ್ತದೆ. ಇಂಥ ಚೂರುಗಳಿಗೆ ವಾಯುನೆಲೆಗಳಲ್ಲಿ ಎಲ್ಲರೂ ಬಳಸುವ ಹೆಸರು ‘ಎಫ್‌ಒಡಿ’. ರನ್‌ವೇಯ ತುದಿಗಳಲ್ಲಿ ಅರೆಸ್ಟರ್ ಬ್ಯಾರಿಯರ್ ಎಂಬ ಬಲೆಯೂ ಇರುತ್ತದೆ. ಅಗಲವಾದ ನೈಲಾನ್ ಪಟ್ಟಿಗಳಿಂದ ಹೆಣೆದು ಎರಡು ಬದಿಯ ಕಂಬಗಳಿಗೆ ಕಟ್ಟಿರುತ್ತಾರೆ. ಬ್ರೇಕ್ ಕೈಕೊಟ್ಟ ಯುದ್ಧವಿಮಾನ ರನ್‌ವೇ ದಾಟಿ ಓಡದಂತೆ ಅದು ಹಿಡಿದು ನಿಲ್ಲಿಸುತ್ತದೆ. ಪ್ರಯಾಣಿಕರ ವಿಮಾನಕ್ಕೆ ಅದರ ಉಪಯೋಗವಿಲ್ಲ, ಎದ್ದು ನಿಂತಿದ್ದರೆ ಅಪಾಯವೇ. ಆದ್ದರಿಂದ ಏರ್‌ಬಸ್ ಬರುವ ಮೊದಲು ಬಲೆ ಮಲಗಿದೆಯೇ ಎಂದು ಟವರ್ ಖಾತ್ರಿ ಮಾಡಿಕೊಳ್ಳಬೇಕು.

ಮಾತಿನಲ್ಲೂ ಒಂದು ತೊಡಕಿದೆ. ಪ್ರಯಾಣಿಕರ ವಿಮಾನಗಳು ವಿಎಚ್‌ಎಫ್ ಎಂಬ ರೇಡಿಯೊ ತರಂಗದಲ್ಲಿ ಮಾತಾಡುತ್ತವೆ, ಸೇನಾ ವಿಮಾನಗಳು ಯುಎಚ್‌ಎಫ್ ಎಂಬ ಬೇರೆ ತರಂಗವನ್ನೂ ಬಳಸುತ್ತವೆ. ಎರಡೂ ಕೇಳಿಸುವುದು ಕಂಟ್ರೋಲರ್‌ಗೆ ಮಾತ್ರ. ಒಂದೇ ತರಂಗದಲ್ಲಿ ಎಲ್ಲರೂ ಇದ್ದರೆ ಒಬ್ಬ ಪೈಲಟ್ ಇನ್ನೊಬ್ಬನ ಮಾತು ಕೇಳಿ ‘ಓಹೋ, ರನ್‌ವೇ ಮೇಲೆ ಯಾರೋ ಇದ್ದಾರೆ’ ಎಂದು ತಾನಾಗಿಯೇ ಎಚ್ಚರವಾಗುತ್ತಾನೆ. ಮಿಶ್ರ ನೆಲೆಯಲ್ಲಿ ಆ ಹೆಚ್ಚುವರಿ ಕಣ್ಗಾವಲು ಅರ್ಧ ಕಡಿಮೆಯಾಗುತ್ತದೆ, ಅಷ್ಟೂ ಭಾರ ಟವರಿನ ಮೇಲೆ ಬೀಳುತ್ತದೆ. 2020ರ ಫೆಬ್ರವರಿ 15ರಂದು ಪುಣೆಯಿಂದ ದೆಹಲಿಗೆ ಹೊರಟಿದ್ದ ಏರ್ ಇಂಡಿಯಾದ ಎ321 ವಿಮಾನ ಓಡುತ್ತಿದ್ದಾಗ ಮುಂದೆ ರನ್‌ವೇ ಹತ್ತಿರ ಒಂದು ಜೀಪು, ಒಬ್ಬ ಮನುಷ್ಯ ಕಂಡರು. ಪೈಲಟ್ ನಿಗದಿತ ವೇಗಕ್ಕೆ ಮೊದಲೇ ಮೂತಿ ಎತ್ತಿ ವಿಮಾನವನ್ನು ಮೇಲೇರಿಸಿದರು. ಎಲ್ಲರೂ ಸುರಕ್ಷಿತವಾಗಿ ದೆಹಲಿ ತಲುಪಿದರು, ವಿಮಾನದ ಒಡಲಿಗೆ ಮಾತ್ರ ಪೆಟ್ಟಾಗಿತ್ತು. ಮಿಶ್ರ ನೆಲೆಯ ರನ್‌ವೇ ಸುತ್ತ ಓಡಾಡುವ ಗಾಡಿಗಳೇ ಹೆಚ್ಚು: ಪ್ಯಾರಾಶೂಟ್ ಎತ್ತುವವರು, ಬಲೆ ನೋಡಿಕೊಳ್ಳುವವರು, ಹಕ್ಕಿ ಓಡಿಸುವವರು. ಒಂದೊಂದು ಗಾಡಿಯ ಚಲನೆಗೂ ಟವರಿನ ಅನುಮತಿ ಕಟ್ಟುನಿಟ್ಟಾಗಿರಬೇಕು ಎಂಬುದಕ್ಕೆ ಇಂಥ ಘಟನೆಗಳೇ ಕಾರಣ. ಗೋವಾದಲ್ಲಿ 2018ರ ಜನವರಿ 3ರಂದು ತರಬೇತಿಯಲ್ಲಿದ್ದ ಮಿಗ್-29ಕೆ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗಿ ಬೆಂಕಿ ಹೊತ್ತಿಕೊಂಡಿತು. ಪೈಲಟ್ ಪಾರಾದರು. ಆ ಹೊತ್ತಿಗೆ ದಾಬೋಲಿಂಗೆ ಬರಬೇಕಿದ್ದ ಪ್ರಯಾಣಿಕರ ವಿಮಾನಗಳೂ ತಡೆದು ನಿಂತವು. ಇರುವುದು ಒಂದೇ ರನ್‌ವೇ ಆದಾಗ ಒಬ್ಬರ ಅಪಘಾತ ಇಬ್ಬರ ಹೊತ್ತನ್ನೂ ನುಂಗುತ್ತದೆ.

ರಿಪೇರಿಯ ಕಾಲ ಇನ್ನೂ ಕಷ್ಟ. ಎರಡನೆಯ ರನ್‌ವೇ ಇಲ್ಲದ ಕಡೆ ಡಾಂಬರು ಹಾಕಬೇಕೆಂದರೆ ಊರನ್ನೇ ಮುಚ್ಚಿದಂತೆ. ಚಂಡೀಗಢವನ್ನು 2018ರ ಮೇ 12ರಿಂದ 31ರವರೆಗೆ ಪೂರ್ತಿ ಮುಚ್ಚಿದ್ದರು. ಪುಣೆಯಲ್ಲಿ 2020ರ ಅಕ್ಟೋಬರ್‌ನಿಂದ ರಾತ್ರಿ ಹಾರಾಟ ನಿಲ್ಲಿಸಿ ಕೆಲಸ ನಡೆಸಿದರು, ಕೊನೆಗೆ 2021ರ ಅಕ್ಟೋಬರ್ 16ರಿಂದ ಎರಡು ವಾರ ಹಗಲೂ ರಾತ್ರಿ ಮುಚ್ಚಿದರು. ಇದಕ್ಕೆಲ್ಲ ಮುಂಚಿತವಾಗಿ ‘ನೋಟಂ’ ಹೊರಡುತ್ತದೆ. ಪೈಲಟ್‌ಗಳಿಗೂ ಕಂಪನಿಗಳಿಗೂ ಕೊಡುವ ಅಧಿಕೃತ ಸೂಚನೆ ಅದು. ಗೋವಾದಲ್ಲಿ ವಾರದ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದರವರೆಗೆ ನೌಕಾಪಡೆಯ ತರಬೇತಿಗೆಂದೇ ಹೊತ್ತನ್ನು ಮೀಸಲಿಡುತ್ತಿದ್ದರು. ದಾಬೋಲಿಂನ ವೇಳಾಪಟ್ಟಿ ಮಧ್ಯಾಹ್ನದ ಮೇಲೆ ಒತ್ತಾಗಿ ತುಂಬಿರುತ್ತಿದ್ದದ್ದಕ್ಕೆ ಅದೇ ಕಾರಣ. ಮೋಪಾದಲ್ಲಿ 2023ರ ಜನವರಿಯಲ್ಲಿ ಇನ್ನೊಂದು ನಿಲ್ದಾಣ ತೆರೆಯಲು ಇದ್ದ ಬಲವಾದ ಕಾರಣಗಳಲ್ಲಿ ಇದೂ ಒಂದು.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿಗೆ ಹಂಚಿಕೆಯ ನೆಲೆ ಹೊಸತಲ್ಲ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಗರದ ವಿಮಾನ ನಿಲ್ದಾಣವಿದ್ದದ್ದೇ ಒಂದು ವಿಮಾನ ಕಾರ್ಖಾನೆಯ ರನ್‌ವೇ ಮೇಲೆ. ವಾಲ್‌ಚಂದ್ ಹಿರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. ಯುದ್ಧದ ಒತ್ತಡದಲ್ಲಿ 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ ದೊಡ್ಡ ದುರಸ್ತಿ ಡಿಪೋ ಆಯಿತು. ಯುದ್ಧ ಮುಗಿದ ಮೇಲೆ ಮರಳಿ ಬಂತು, 1964ರಲ್ಲಿ ಇಂದಿನ ಎಚ್‌ಎಎಲ್ ರೂಪ ತಾಳಿತು. ಅದೇ ರನ್‌ವೇಯಲ್ಲಿ ಎಚ್‌ಎಎಲ್‌ನ ಪರೀಕ್ಷಾ ಹಾರಾಟ, ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಸಂಸ್ಥೆ ಎಎಸ್‌ಟಿಇ, ಪ್ರಯಾಣಿಕರ ವಿಮಾನ, ಮೂವರ ಪಾಳಿ. ತೇಜಸ್ 2001ರ ಜನವರಿ 4ರಂದು ಮೊದಲ ಸಲ ಎದ್ದದ್ದೂ ಅಲ್ಲಿಂದಲೇ. ಹಾಗಾಗಿ ‘ನಮ್ಮಲ್ಲಿ ಏಕಾಗದು’ ಎಂಬ ನಿಮ್ಮ ಪ್ರಶ್ನೆಗೆ ಇತಿಹಾಸದ ಉತ್ತರ ‘ಹಿಂದೆ ಆಗಿತ್ತು’ ಎಂಬುದೇ. 2008ರ ಮೇ 24ಕ್ಕೆ ದೇವನಹಳ್ಳಿ ತೆರೆಯಿತು, ಎಚ್‌ಎಎಲ್‌ನಲ್ಲಿ ನಿಯಮಿತ ಪ್ರಯಾಣಿಕರ ಸೇವೆ ನಿಂತಿತು.

ನಿಂತದ್ದು ಒಪ್ಪಂದದ ಷರತ್ತಿನಿಂದ. 2004ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ದೇವನಹಳ್ಳಿ ನಿಲ್ದಾಣ ನಡೆಸುವ ಬಿಐಎಎಲ್ ಸಂಸ್ಥೆಯೂ ಮಾಡಿಕೊಂಡ ಒಪ್ಪಂದದ ಪ್ರಕಾರ, ನಿಲ್ದಾಣ ತೆರೆದ ದಿನದಿಂದ 25 ವರ್ಷ, ಅಂದರೆ 2033ರ ಮೇವರೆಗೆ, 150 ಕಿಲೋಮೀಟರ್ ನೇರ ದೂರದೊಳಗೆ ಮೈಸೂರು ಮತ್ತು ಹಾಸನ ಬಿಟ್ಟು ಬೇರೆ ಪ್ರಯಾಣಿಕರ ನಿಲ್ದಾಣಕ್ಕೆ ಅವಕಾಶವಿಲ್ಲ. ನಕ್ಷೆ ತೆಗೆದು ದೇವನಹಳ್ಳಿ ಮೇಲೆ ಕೈವಾರ ಊರಿ ನೋಡಿ. ಯಲಹಂಕ, ಎಚ್‌ಎಎಲ್, ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಎಲ್ಲವೂ ಆ ವೃತ್ತದ ಒಳಗೆ. ಬೀದರ್‌ಗೂ ಇದೇ ತಾಪತ್ರಯ ಇತ್ತು. ಅದು ಹೈದರಾಬಾದ್ ನಿಲ್ದಾಣದ 150 ಕಿಲೋಮೀಟರ್ ವೃತ್ತದೊಳಗೆ ಬೀಳುತ್ತದೆ. ವಾಯುಪಡೆಯ ರನ್‌ವೇ ಸಿದ್ಧವಿದ್ದರೂ ಟರ್ಮಿನಲ್ ವರ್ಷಗಟ್ಟಲೆ ಖಾಲಿ ಕೂತಿತ್ತು. ಹೈದರಾಬಾದ್ ನಿಲ್ದಾಣ ನಡೆಸುವ ಜಿಎಂಆರ್ ಬೀದರ್‌ನ ನಿರ್ವಹಣೆಯನ್ನೂ ವಹಿಸಿಕೊಂಡ ಮೇಲೆ 2020ರ ಫೆಬ್ರವರಿ 7ರಂದು ಉಡಾನ್ ಯೋಜನೆಯಡಿ ಸೇವೆ ಶುರುವಾಯಿತು. ಬೀದರ್ ಹಾಕ್ ಜೆಟ್‌ಗಳಲ್ಲಿ ಯುದ್ಧ ಪೈಲಟ್‌ಗಳನ್ನು ತಯಾರು ಮಾಡುವ ನೆಲೆ. ದಿನಕ್ಕೊಂದು ಸಣ್ಣ ವಿಮಾನ ಬಂದುಹೋದರೆ ಅಲ್ಲಿನ ತರಬೇತಿಗೆ ಅಡ್ಡಿಯಿಲ್ಲ. ಬೆಂಗಳೂರಿನ ದಟ್ಟಣೆಗೆ ಆ ಲೆಕ್ಕ ಹಾಕಲಾಗದು.

ಒಪ್ಪಂದ ಇಲ್ಲದಿದ್ದರೂ ಯಲಹಂಕ ಒದಗುತ್ತಿತ್ತೇ? ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 1963ರಿಂದ ಇರುವ ಆ ನೆಲೆ ವಾಯುಪಡೆಯ ಟ್ರೇನಿಂಗ್ ಕಮಾಂಡ್‌ಗೆ ಸೇರಿದ್ದು. ಮುಖ್ಯ ಕೆಲಸ ಎಎನ್-32, ಡಾರ್ನಿಯರ್‌ನಂಥ ಸಾಗಣೆ ವಿಮಾನಗಳ ಪೈಲಟ್‌ಗಳಿಗೆ ತರಬೇತಿ. ಹುಣಸಮಾರನಹಳ್ಳಿ ಬಳಿ ಹೆದ್ದಾರಿಯಲ್ಲಿ ಬರುವಾಗ ಒಂದೇ ವಿಮಾನ ಮತ್ತೆ ಮತ್ತೆ ಇಳಿದು, ನಿಲ್ಲದೆ ಹಾಗೇ ಎದ್ದು ಹೋಗುವುದನ್ನು ನೀವು ನೋಡಿರುತ್ತೀರಿ. ಅದು ‘ಸರ್ಕ್ಯೂಟ್’ ಅಭ್ಯಾಸ. ಎದ್ದು, ಎಡಕ್ಕೋ ಬಲಕ್ಕೋ ತಿರುಗಿ, ರನ್‌ವೇಗೆ ಸಮಾನಾಂತರವಾಗಿ ಹಿಂದೆ ಹೋಗಿ, ಮತ್ತೆ ತಿರುಗಿ ಇಳಿಯುವುದು. ಒಂದು ತರಬೇತಿ ಹಾರಾಟ ರನ್‌ವೇಯನ್ನು ಎಂಟು ಹತ್ತು ಸಲ ಮುಟ್ಟುತ್ತದೆ. ಯುದ್ಧವಿಮಾನವಾದರೆ ಹೋದದ್ದು ಗಂಟೆ ಬಿಟ್ಟು ಬರುತ್ತದೆ, ನಡುವೆ ಬೇರೆಯವರಿಗೆ ಜಾಗ ಸಿಗುತ್ತದೆ. ತರಬೇತಿ ನೆಲೆಯಲ್ಲಿ ಆ ಬಿಡುವೇ ಇಲ್ಲ.

ಇದಕ್ಕೆ ಏರ್‌ಬಸ್ ಸೇರಿಸಿದರೆ ಏನಾಗುತ್ತದೆ ನೋಡಿ. ಡಾರ್ನಿಯರ್-228ರ ತೂಕ 7,000 ಕಿಲೋಗಿಂತ ಕಡಿಮೆ, ಆದ್ದರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಅದು ‘ಲೈಟ್’. ಎ320 ‘ಮೀಡಿಯಂ’. ದೊಡ್ಡ ವಿಮಾನದ ರೆಕ್ಕೆ ತುದಿಯಿಂದ ಹೊರಡುವ ಗಾಳಿಯ ಸುಳಿ ಹಿಂದೆ ಬರುವ ಸಣ್ಣದನ್ನು ಮಗುಚಿ ಹಾಕಬಲ್ಲದು. ಅದಕ್ಕಾಗಿ ಮೀಡಿಯಂ ಹಿಂದೆ ಬರುವ ಲೈಟ್ ವಿಮಾನ 5 ನಾಟಿಕಲ್ ಮೈಲು, ಅಂದರೆ ಸುಮಾರು 9.3 ಕಿಲೋಮೀಟರ್ ದೂರ ಇರಬೇಕು. 100 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿನಂತೆ ಇಳಿಯುವ ಡಾರ್ನಿಯರ್‌ಗೆ ಆ ದೂರ ಕ್ರಮಿಸಲು 3 ನಿಮಿಷ ಬೇಕು. ಪ್ರತಿ ಏರ್‌ಬಸ್‌ಗೂ ಮೂರು ಮೂರು ನಿಮಿಷ ತರಬೇತಿ ವಿಮಾನ ಹಿಂದೆ ಸರಿಯುತ್ತ ಹೋದರೆ ಒಂದು ಬೆಳಗಿನ ಪಾಠ ಅರ್ಧಕ್ಕೆ ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಡಚಣೆ ಆಕಾಶದ ರೇಖಾಗಣಿತ. ಯಲಹಂಕದ ರನ್‌ವೇ 09/27, ಎಂದರೆ ಮೂಡಲಿಂದ ಪಡುವಲಿಗೆ. ದೇವನಹಳ್ಳಿಯ ಎರಡು ರನ್‌ವೇಗಳೂ ಅದೇ ದಿಕ್ಕಿಗೆ. ನಮ್ಮ ಸೀಮೆಯ ಗಾಳಿ ಮುಂಗಾರಿನಲ್ಲಿ ಪಡುವಲಿಂದ, ಚಳಿಗಾಲದಲ್ಲಿ ಮೂಡಲಿಂದ ಬೀಸುವುದರಿಂದ ರನ್‌ವೇಗಳನ್ನು ಹಾಗೆ ಹಾಕುವುದೇ ಸರಿ. ಆದರೆ ಎರಡು ನಿಲ್ದಾಣಗಳ ನಡುವೆ ಉತ್ತರ ದಕ್ಷಿಣವಾಗಿ ಇರುವುದು ಸುಮಾರು 6ರಿಂದ 7 ಕಿಲೋಮೀಟರ್ ಅಷ್ಟೆ. 250 ನಾಟ್ ವೇಗದಲ್ಲಿ ಹೋಗುತ್ತಿರುವ ವಿಮಾನ 25 ಡಿಗ್ರಿ ವಾಲಿ ಹಿಂದಿರುಗಿದರೆ ಅದು ಕೊರೆಯುವ ಅರ್ಧವೃತ್ತದ ಅಗಲ 7.2 ಕಿಲೋಮೀಟರ್. ಯಲಹಂಕದಿಂದ ಎದ್ದು ಉತ್ತರಕ್ಕೆ ಒಂದು ಸುತ್ತು ತಿರುಗಿದರೆ ಸಾಕು, ದೇವನಹಳ್ಳಿಗೆ ಇಳಿಯುವವರ ದಾರಿಗೇ ಬಂದುಬಿಡುತ್ತದೆ. ದಕ್ಷಿಣಕ್ಕೆ ತಿರುಗಿದರೆ ಜಕ್ಕೂರಿನ ತರಬೇತಿ ವಿಮಾನಗಳು, ಇನ್ನೂ ಆಚೆಗೆ ಎಚ್‌ಎಎಲ್. ಉತ್ತರದಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟ, ಅದರ ಸುತ್ತಿನ ಬೆಟ್ಟಸಾಲು. ಸಾಗಣೆ ವಿಮಾನಗಳು ತಗ್ಗಿನಲ್ಲಿ, ನಿಧಾನವಾಗಿ, ಗೊತ್ತಾದ ಬದಿಗೇ ತಿರುಗುತ್ತ ಹಾರುವುದರಿಂದ ಇವತ್ತು ಇದೆಲ್ಲ ಒಟ್ಟಿಗೆ ನಡೆಯುತ್ತಿದೆ.

ಏರೋ ಇಂಡಿಯಾದಲ್ಲಿ ಮುರಿಯುವುದು ಇದೇ ಏರ್ಪಾಡು. 1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಈ ಪ್ರದರ್ಶನದಲ್ಲಿ ಯುದ್ಧವಿಮಾನಗಳು ನೆಟ್ಟಗೆ ಮೇಲಕ್ಕೆ ಏರುತ್ತವೆ, ಲಾಗ ಹಾಕುತ್ತವೆ, ಅತಿವೇಗದಲ್ಲಿ ತಿರುಗುತ್ತವೆ. ಅವು ನಿಗದಿತ ಡಬ್ಬಿಯೊಳಗೆ ಹಾರಿದರೂ, ತೊಂದರೆಯಾದರೆ ಡಬ್ಬಿಯಿಂದ ಹೊರಗೆ ಬರಲು ಜಾಗ ಬೇಕು. ಆ ಜಾಗ ದೇವನಹಳ್ಳಿಯ ದಾರಿಯೇ. ಹಾಗಾಗಿ ಪ್ರದರ್ಶನ ಮತ್ತು ಅಭ್ಯಾಸದ ದಿನಗಳಲ್ಲಿ ಗೊತ್ತಾದ ಗಂಟೆಗಳಿಗೆ ನೋಟಂ ಹೊರಡಿಸಿ ಪ್ರಯಾಣಿಕರ ವಿಮಾನಗಳನ್ನು ತಡೆಹಿಡಿಯುತ್ತಾರೆ. ಆ ವಾರ ನೀವು ಟಿಕೆಟ್ ತೆಗೆದಿದ್ದರೆ ಕಂಪನಿ ಕಳಿಸುವ ಹೊಸ ವೇಳೆಯ ಸಂದೇಶವನ್ನು ತಪ್ಪದೆ ನೋಡಿ. ಅದೇ ದಿನಗಳಲ್ಲಿ ಸುತ್ತಮುತ್ತ ಮಾಂಸದ ಅಂಗಡಿ ಮುಚ್ಚಿಸುವುದಕ್ಕೂ ಹಲವರು ಬೇಸರಪಡುತ್ತಾರೆ. ಎಸೆದ ಮಾಂಸದ ಚೂರು ಹದ್ದುಗಳನ್ನು ಕರೆಯುತ್ತದೆ. ಒಂದೂವರೆ ಕಿಲೋ ತೂಗದ ಹದ್ದು ಜೆಟ್ ಎಂಜಿನ್ನಿನ ಫ್ಯಾನಿನ ಅಲಗನ್ನು ಮುರಿಯುವಷ್ಟು ಬಲವಾಗಿ ಬಡಿಯುತ್ತದೆ. ವಿಮಾನ ನಿಲ್ದಾಣದ 10 ಕಿಲೋಮೀಟರ್ ಸುತ್ತಿನಲ್ಲಿ ಬಯಲಲ್ಲಿ ಪ್ರಾಣಿ ಕಡಿಯುವುದನ್ನೂ ಕಸ ಸುರಿಯುವುದನ್ನೂ 1937ರ ವಿಮಾನ ನಿಯಮಗಳ 91ನೇ ನಿಯಮ ವರ್ಷವಿಡೀ ನಿಷೇಧಿಸುತ್ತದೆ. ಹೆದ್ದಾರಿ ಬದಿಗೆ ಕೋಳಿ ತ್ಯಾಜ್ಯದ ಮೂಟೆ ಎಸೆದು ಹೋಗುವವರು ಇದನ್ನು ತಿಳಿದಿರಬೇಕು.

ಎತ್ತರ ಮತ್ತು ಬಿಸಿಲಿನ ವಿಚಾರವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ‘ಕೋಲಾರದ ಬಯಲಲ್ಲಿ ಒಂದು ಸಣ್ಣ ರನ್‌ವೇ ಹಾಕಿದರೆ ಸಾಲದೇ’ ಎಂದು ಕೇಳುವವರು ಬಹಳ. ನಮ್ಮ ಪ್ರಸ್ಥಭೂಮಿ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ ವ್ಯತ್ಯಾಸ 25. ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಕೂಡಿಸಿ. ವಿಮಾನದ ಪಾಲಿಗೆ ಅದು 6,000 ಅಡಿ ಎತ್ತರದ ಗಾಳಿ. ತೆಳುವಾದ ಆ ಗಾಳಿಯಲ್ಲಿ ಅದೇ ಎತ್ತುವ ಬಲ ಸಿಗಲು ನೆಲದ ಮೇಲಿನ ವೇಗ ಸಮುದ್ರಮಟ್ಟದಲ್ಲಿ ಬೇಕಾದದ್ದಕ್ಕಿಂತ ಶೇ. 9ರಷ್ಟು ಹೆಚ್ಚಬೇಕು, ಇಳಿದ ಮೇಲೆ ಬ್ರೇಕ್ ನುಂಗಬೇಕಾದ ಶಕ್ತಿ ಶೇ. 20ರಷ್ಟು ಹೆಚ್ಚುತ್ತದೆ. ಎಂಜಿನ್ನಿನ ಬಲವೂ ಕುಗ್ಗಿರುತ್ತದೆ. ದೇವನಹಳ್ಳಿಯ ರನ್‌ವೇಗಳು ತಲಾ 4,000 ಮೀಟರ್ ಇರುವುದು ಸುಮ್ಮನೆ ಅಲ್ಲ. ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿ ಎದ್ದಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ರನ್‌ವೇಯನ್ನು ತೋರಿಸಿ ‘ತುಮಕೂರಿಗೆ ವಿಮಾನ ಬರುತ್ತದೆ’ ಎನ್ನುವವರೂ ಇದ್ದಾರೆ. ಅದು ಹೆಲಿಕಾಪ್ಟರ್ ಪರೀಕ್ಷೆಗೆ ಇರುವುದು, ಪ್ರಯಾಣಿಕರ ವಿಮಾನಕ್ಕೆ ಅಲ್ಲ. ಬೆಂಗಳೂರಿನ ಎರಡನೆಯ ನಿಲ್ದಾಣಕ್ಕೆಂದು 2025ರ ಏಪ್ರಿಲ್‌ನಲ್ಲಿ ಪ್ರಾಧಿಕಾರದ ತಂಡ ನೋಡಿದ ಜಾಗಗಳು ಕನಕಪುರ ರಸ್ತೆಯ ಕಡೆ ಎರಡು, ನೆಲಮಂಗಲದ ಕಡೆ ಒಂದು. ಮೂರೂ ದೇವನಹಳ್ಳಿಯ ಆಕಾಶದಿಂದ ದೂರ ಸರಿದ ಜಾಗಗಳು ಎಂಬುದನ್ನು ಗಮನಿಸಿ.

ಇನ್ನು ಮಗಳಿಗೆ ಹೇಳಬೇಕಾದದ್ದು. ಪುಣೆಗೋ ಇನ್ಯಾವುದೇ ಸೇನಾ ನೆಲೆಗೋ ಹೋಗುವಾಗ ಪರೀಕ್ಷೆ, ಸಂದರ್ಶನದಂಥ ತಪ್ಪಿಸಲಾಗದ ಕೆಲಸವಿದ್ದರೆ ಹಿಂದಿನ ದಿನವೇ ತಲುಪಲಿ. ಪುಣೆಯಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ತೆಗೆಯಲಿ. ಬೇರೆ ಬೇರೆ ತೆಗೆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಎರಡನೆಯ ಕಂಪನಿಗೆ ಹೊಣೆ ಇರುವುದಿಲ್ಲ. ಗಡಿಯಲ್ಲಿ ಉದ್ವಿಗ್ನತೆ ಇರುವಾಗ ಮೊದಲು ಮುಚ್ಚುವುದು ಇಂಥ ನೆಲೆಗಳೇ: 2025ರ ಮೇನಲ್ಲಿ ಉತ್ತರ ಮತ್ತು ಪಶ್ಚಿಮದ 32 ನಿಲ್ದಾಣಗಳನ್ನು ಕೆಲವು ದಿನ ಮುಚ್ಚಿದ್ದರು, ಅವುಗಳಲ್ಲಿ ಶ್ರೀನಗರ, ಜಮ್ಮು, ಚಂಡೀಗಢ, ಜೋಧಪುರ ಸೇರಿದ್ದವು. ಅದೇ ತಿಂಗಳು, ಸೇನಾ ನೆಲೆಗಳಲ್ಲಿ, ಅದರಲ್ಲೂ ಪಶ್ಚಿಮ ಗಡಿಯ ಹತ್ತಿರದವುಗಳಲ್ಲಿ, ಏರುವಾಗ 10,000 ಅಡಿ ದಾಟುವವರೆಗೂ ಇಳಿಯುವಾಗ 10,000 ಅಡಿಯ ಕೆಳಗೂ ಕಿಟಕಿಯ ಪರದೆ ಮುಚ್ಚಿರಬೇಕೆಂದು ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಸೂಚಿಸಿತು. ತುರ್ತು ನಿರ್ಗಮನದ ಸಾಲಿಗೆ ಮಾತ್ರ ಇದು ಅನ್ವಯಿಸುತ್ತಿರಲಿಲ್ಲ, ಹೊರಗೆ ಬೆಂಕಿ ಇದೆಯೇ ಎಂದು ನೋಡಲು ಆ ಕಿಟಕಿ ತೆರೆದಿರಬೇಕು. ಪರದೆಯ ಸೂಚನೆ ಇರಲಿ ಬಿಡಲಿ, ಸೇನಾ ನೆಲೆಯಲ್ಲಿ ಫೋಟೊ, ವಿಡಿಯೊ ತೆಗೆಯುವುದು ಯಾವತ್ತೂ ನಿಷಿದ್ಧ. ಟ್ಯಾಕ್ಸಿವೇ ಪಕ್ಕ ಸುಖೋಯ್ ಕಂಡಿತೆಂದು ಮೊಬೈಲ್ ಎತ್ತಿದವರನ್ನು ಇಳಿದ ಮೇಲೆ ಭದ್ರತಾ ಸಿಬ್ಬಂದಿ ತಡೆದು ವಿಚಾರಿಸಬಹುದು.

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ತೋಟದ ಮದುವೆಗಳಿಗೆ ಡ್ರೋನ್ ಕ್ಯಾಮೆರಾ ತರಿಸುವವರಿಗೂ ಒಂದು ಮಾತು ಸಲ್ಲುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸರಹದ್ದಿನಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಯಾವ ಎತ್ತರಕ್ಕೂ ಹಾರಿಸುವಂತಿಲ್ಲ, 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ದಾಟುವಂತಿಲ್ಲ. ಸರ್ಕಾರದ ‘ಡಿಜಿಟಲ್ ಸ್ಕೈ’ ಡ್ರೋನ್ ನಕ್ಷೆಯಲ್ಲಿ ನಿಮ್ಮ ತೋಟ ಯಾವ ಬಣ್ಣದಲ್ಲಿದೆ ಎಂದು ನೋಡಿಕೊಂಡೇ ಫೋಟೊಗ್ರಾಫರ್‌ಗೆ ಮುಂಗಡ ಕೊಡಿ. ಅಲ್ಲಿ ನಿಮ್ಮ ತಲೆಯ ಮೇಲೆ ಇರುವುದು ಒಂದು ನಿಲ್ದಾಣದ ಆಕಾಶವಲ್ಲ, ಎರಡರದ್ದು.